ಎಡ ಹಿಂಬದಿಯ ಬ್ರೇಕು

ಬೇರೆ ವಿಷಯದಲ್ಲಿ ಸುಳ್ಳು ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದೇನೆ, ಡಿಪೋ ಮ್ಯಾನೇಜರಿಗೆ ಹೇಳಿದ್ದೇನೆ, ಬದುಕಿದ್ದ ಅಜ್ಜಿಯನ್ನು ಎರಡು ಸಲ ಸಾಯಿಸಿ ರಜೆ ಹಾಕಿದ್ದೇನೆ. ಬ್ರೇಕಿನ ವಿಷಯದಲ್ಲಿ ಮಾತ್ರ ಇಲ್ಲ. ನನ್ನ ಹೆಸರು ಸಿದ್ದೇಶ್, ಮೈಸೂರಿನಲ್ಲಿ ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿ ರಿಟೈರಾದವನು. ಡ್ಯೂಟಿ ಮುಗಿಸಿ ಗಾಡಿಯನ್ನು ಡಿಪೋಗೆ ಬಿಡುವಾಗ ಅದರಲ್ಲಿ ಏನು ದೋಷವಿದೆ ಎಂದು ಲಾಗ್ ಶೀಟಿನಲ್ಲಿ ಬರೆದು ಸಹಿ ಹಾಕಬೇಕಿತ್ತು. ಬ್ರೇಕ್ ಮೆತ್ತಗಿದ್ದರೆ ಮೆತ್ತಗಿದೆ ಎಂದೇ ಬರೆಯುತ್ತಿದ್ದೆ. "ಬೆಳಿಗ್ಗೆ ಗಾಡಿ ಆಚೆ ಬುಡ್ಬೇಕು ಕಣಯ್ಯಾ, ಸುಮ್ಕೆ ಓಕೆ ಅಂತ ಬರಿ" ಎಂದು ಮೆಕ್ಯಾನಿಕ್ ಮಂಟೇಸ್ವಾಮಿ ಗೋಗರೆಯುತ್ತಿದ್ದ. "ಅಂಗಾರೆ ನಾಳೆ ನೀನೇ ಓಡ್ಸು ಬಾ, ನಿಮ್ಮನೆಯವ್ರನ್ನೆಲ್ಲ ಕೂರಿಸ್ಕೊಂಡು" ಎನ್ನುತ್ತಿದ್ದೆ. ಈಗ ಬರೆಯುತ್ತಿರುವುದು ನನ್ನ ಕಥೆಯಲ್ಲ, ನಾನು ಬಾಡಿಗೆಗಿರುವ ಮನೆಯ ಓನರ್ ವಾಗೀಶ್ ಸಾರ್ ಅವರದು. ಆದರೆ ಅದರ ಕೊನೆಗೆ ನನ್ನದೊಂದು ಸಹಿ ಬರುತ್ತದೆ, ಅದಕ್ಕೇ ಇಷ್ಟು ಮೊದಲೇ ಹೇಳಿಟ್ಟೆ.

ಕೃಷ್ಣಮೂರ್ತಿಪುರಂನಲ್ಲಿ ನನ್ನಂಥವನಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟವೆಂದು ಗೊತ್ತಿದ್ದವರಿಗೆ ಗೊತ್ತು. "ನಿಮ್ದು ಯಾವ ಕಡೆ?" ಎಂದು ಶುರುವಾಗುತ್ತದೆ. "ಮನೇಲಿ ನಾನ್‌ವೆಜ್ ಮಾಡ್ತೀರಾ?" ಎಂದು ಮುಂದುವರಿಯುತ್ತದೆ. ನಮ್ಮಪ್ಪನ ಹೆಸರು ಸಣ್ಣಮಾದಯ್ಯ ಎಂದು ಬಾಯಿಬಿಟ್ಟ ಕೂಡಲೇ "ಅಯ್ಯೋ, ಮನೆ ನಿನ್ನೆ ತಾನೇ ಕೊಟ್ಬಿಟ್ವಲ್ಲ" ಎಂದು ಮುಗಿಯುತ್ತದೆ. ಐದು ಮನೆ ನೋಡಿ ನನಗೆ ರೇಗಿಹೋಗಿತ್ತು. ಹಾಳಾಗಿ ಹೋಗಲಿ, ಬೋಗಾದಿ ಕಡೆಯೇ ಯಾವುದಾದರೂ ರೂಮು ನೋಡೋಣ ಎಂದು ಹೊರಟವನು ಹಾದಿಯಲ್ಲಿ ಸಿಕ್ಕ ಆರನೆಯ ಗೇಟು ತಟ್ಟಿದೆ. ಬಂದವರು ರಮಾಮಣಿ ಮೇಡಂ, ವಾಗೀಶ್ ಸಾರ್ ಹೆಂಡತಿ, ಬ್ಯಾಂಕಿನಲ್ಲಿ ಆಫೀಸರ್. ಐದಡಿಯೂ ಇಲ್ಲದ ಹೆಂಗಸು.

"ಏನ್ ಕೆಲಸ?"

"ಬಸ್ ಡ್ರೈವರ್ ಮೇಡಂ."

"ಹೌದಾ! ಹಾಗಿದ್ರೆ ಆ ಕಾರನ್ನ ಗೇಟಿಂದ ಆಚೆಗೆ ರಿವರ್ಸ್ ತೆಗೀರಿ ನೋಡೋಣ" ಎಂದು ಬೀಗದ ಕೈ ಎಸೆದರು.

ಪೋರ್ಟಿಕೋದಲ್ಲಿ ಕೆಂಪಗೆ ಒಂದು ಪಾಲಿಯೋ ಕಾರು ನಿಂತಿತ್ತು. ಹತ್ತಿ ಕೂತೆ, ಎರಡು ಮಂಡಿಯೂ ಸ್ಟೇರಿಂಗಿಗೆ ತಗುಲಿದವು. ಮೇಡಂ ಬಿದ್ದು ಬಿದ್ದು ನಕ್ಕರು. "ಒಂಟೆ ಥರ ಇದ್ದೀರಲ್ರೀ! ಸೀಟು ಹಿಂದಕ್ಕೆ ತಳ್ಕೊಳ್ಳಿ." ತಳ್ಳಿಕೊಂಡೆ, ಗೇಟಿನ ಎರಡು ಕಂಬದ ಮಧ್ಯೆ ಒಂದೇ ಏಟಿಗೆ ಆಚೆ ತೆಗೆದೆ. ಅವತ್ತೇ ಮಹಡಿ ಮೇಲಿನ ರೂಮು ನನ್ನದಾಯಿತು. ಊರು, ಜಾತಿ, ಅಡುಗೆ ಒಂದನ್ನೂ ಕೇಳಲಿಲ್ಲ. ನನ್ನ ಹೆಂಡತಿ ಪುಟ್ಟಲಿಂಗಮ್ಮ ಮಗಳ ಬಾಣಂತನಕ್ಕೆಂದು ಕೊಳ್ಳೇಗಾಲಕ್ಕೆ ಹೋದವಳು ಮೊಮ್ಮಗನ ನೆಪ ಹೇಳಿಕೊಂಡು ಅಲ್ಲೇ ಉಳಿದುಬಿಟ್ಟಳು. ಹಾಗಾಗಿ ಹನ್ನೊಂದು ವರ್ಷದಿಂದ ಈ ಮಹಡಿಯ ಮೇಲೆ ನಾನೊಬ್ಬನೇ.

ಆ ಕಾರು ಮೇಡಂದು. 2001ರ ದಸರಾದಲ್ಲಿ ತಮ್ಮ ಹೆಸರಿನಲ್ಲಿ, ತಮ್ಮ ಸಂಬಳದಲ್ಲಿ ಕೊಂಡದ್ದು. ಆ ಕಾಲಕ್ಕೆ ಅದು ಎಂಥ ಕಾರು ಎಂದರೆ, ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳಬೇಕು. ಸಾವಿರದ ಆರುನೂರು ಸಿಸಿ ಎಂಜಿನ್ನು, ಪುಟ್ಟ ಗಾಡಿ. ಮಕ್ಕಳಿಲ್ಲದ ಮನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೇಡಂ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಚಾಮುಂಡಿ ಬೆಟ್ಟಕ್ಕೋ ನಂಜನಗೂಡು ರೋಡಿಗೋ ಹೊರಟರೆ ಇಡೀ ಬೀದಿಗೆ ಅಲಾರಂ ಹೊಡೆದ ಹಾಗೆ. ಪಕ್ಕದಲ್ಲಿ ವಾಗೀಶ್ ಸಾರ್ ಒಂದು ನೋಟ್‌ಬುಕ್ಕು ಹಿಡಿದು ಕೂತಿರುತ್ತಿದ್ದರು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹರೆಯದಲ್ಲಿ ಒಂದು ಸಲ ಕಲಿಯಹೋಗಿ ಯಾರದೋ ಕಾಂಪೌಂಡಿಗೆ ಗುದ್ದಿದವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಈ ಮನೆಯಲ್ಲಿ ಹಾಗಿರಲಿಲ್ಲ. ಕಡಲೆ ಸಾರ್ ಕೈಯಲ್ಲಿತ್ತು, ಹಲ್ಲು ಮೇಡಂಗಿತ್ತು.

ಏಕೆಂದರೆ ಕಾರು ಓಡಿಸದ ಆ ಮನುಷ್ಯನಿಗೆ ಕಾರಿನ ಒಂದೊಂದು ಬೋಲ್ಟೂ ಗೊತ್ತಿತ್ತು. ಅವರ ಕೆಲಸ ಒಂದು ಲ್ಯಾಬೊರೇಟರಿಯ ವರ್ಕ್‌ಶಾಪಿನಲ್ಲಿ, ತಕ್ಕಡಿ, ಮೀಟರು, ಪಂಪು ರಿಪೇರಿ ಮಾಡುವುದು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹಿಡಿಯುವವರು. "ರೀ, ನೂರಹತ್ತು ದಾಟಿದ್ರೆ ಸ್ಟೇರಿಂಗ್ ನಡುಗುತ್ತೆ" ಎಂದು ಮೇಡಂ ಹೇಳುವರು, ಸಾರ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು, ಮುಂದಿನ ಭಾನುವಾರದ ಹೊತ್ತಿಗೆ ನಡುಕ ನಿಂತಿರುತ್ತಿತ್ತು. "ಹೆಡ್‌ಲೈಟ್ ಬುಡ್ಡಿ ದೀಪದ ಹಾಗಿದೆ" ಎಂದರೆ ವೈರೆಲ್ಲ ಬದಲಾಯಿಸಿ, ರಿಲೇ ಹಾಕಿ, ಬೀದಿಯ ಕೊನೆಯ ಮನೆಯ ನಂಬರು ಕಾಣುವಂತೆ ಮಾಡುತ್ತಿದ್ದರು. ಬೆಟ್ಟ ಇಳಿಯುವಾಗ ಬ್ರೇಕ್ ಕಾದು ಸೋಲುತ್ತದೆ ಎಂದು ಮೇಡಂ ಹೇಳಿದ್ದಕ್ಕೆ ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕು ಕೂರಿಸಿದರು. ಅದರ ಬ್ರಾಕೆಟ್ಟನ್ನು ತಾವೇ ಅಳತೆ ಕೊಟ್ಟು ಲೇತಿನಲ್ಲಿ ಮಾಡಿಸಿದ್ದರು. ಕಂಪನಿ ಈ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸಿ, ಸಾಮಾನು ಸಿಗುವುದು ಕಷ್ಟವಾದ ಮೇಲೂ ಈ ಗಾಡಿ ಮಾತ್ರ ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತಲೇ ಹೋಯಿತು.

ಸಾರ್ ಒಬ್ಬರೇ ಮಾಡಲಾಗದ ಕೆಲಸ ಒಂದೇ ಇತ್ತು, ಬ್ರೇಕಿನ ಏರ್ ತೆಗೆಯುವುದು. ಬ್ರೇಕ್ ಆಯಿಲ್ ಹೋಗುವ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಪೆಡಲ್ ಸ್ಪಂಜಿನ ಹಾಗಾಗುತ್ತದೆ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲ ಮಾಡಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಕಾಲು ತೆಗೆದರೆ ಹೋದ ಗಾಳಿ ವಾಪಸ್ಸು ಒಳಗೆ. ಹಾಗಾಗಿ ಆ ಮನೆಯಲ್ಲಿ ವರ್ಷಕ್ಕೊಮ್ಮೆ ಮೇಡಂ ಸೀಟಿನಲ್ಲಿ, ಸಾರ್ ಚಾಪೆಯ ಮೇಲೆ.

ಒಂದು ವರ್ಷ ಇದನ್ನು ಆಯುಧಪೂಜೆಯ ಬೆಳಿಗ್ಗೆ ಇಟ್ಟುಕೊಂಡರು. ಪೂಜೆಗೆ ಕಾರು ಎಲ್ಲ ರೀತಿಯಲ್ಲೂ ಸರಿಯಿರಬೇಕು ಎಂದು ಸಾರ್ ಹಟ. ಮೂರು ಚಕ್ರ ಮುಗಿಯಿತು. ಎಡ ಹಿಂಬದಿಯ ಚಕ್ರದ ನಿಪ್ಪಲ್ಲನ್ನು ಅವರು ಬೆರಳಲ್ಲಿ ತಿರುಗಿಸಿ ಕೂರಿಸಿದ್ದರು, ಸ್ಪ್ಯಾನರಿನಿಂದ ಬಿಗಿ ಮಾಡುವುದು ಬಾಕಿ. ಅಷ್ಟರಲ್ಲಿ ಫೋನು ಬಂತು, ಎದ್ದು ಒಳಗೆ ಹೋದರು. ರಾಹುಕಾಲ ಬಂದುಬಿಡುತ್ತದೆ ಎಂಬ ಅವಸರದಲ್ಲಿ ಮೇಡಂ ನೆಲದ ಮೇಲಿದ್ದ ಸಾಮಾನನ್ನೆಲ್ಲ ಬಳಿದುಕೊಂಡು, ತೊಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಟ್ಟುಬಿಟ್ಟರು. ಎಂಟನೇ ನಂಬರಿನ ಸ್ಪ್ಯಾನರೂ ಅದರಲ್ಲೇ ಇತ್ತು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಕದಲಿಸುವವರೆಗೆ ಮುಟ್ಟುವ ಹಾಗಿಲ್ಲ. ಡಿಪೋದಲ್ಲಿ ನಾವೂ ಮುಟ್ಟುತ್ತಿರಲಿಲ್ಲ. ನಾನು ಅಲ್ಲೇ ಇದ್ದೆ, ಕುಂಬಳಕಾಯಿ ಒಡೆಯುವುದಕ್ಕೆ ನನ್ನನ್ನು ಕರೆದಿದ್ದರು.

"ಬೇಕಾದ್ರೆ ತಗೊಳ್ಳಿ ರೀ, ದೇವರೇನು ಕೋಪ ಮಾಡ್ಕೊಳ್ಳಲ್ಲ" ಎಂದರು ಮೇಡಂ.

"ಛೆ, ಕುಂಕುಮ ಇಟ್ಟಾಯ್ತಲ್ಲ. ನಾಳೆ ಕದಲಿಸಿದ ಮೇಲೆ ಬಿಗಿ ಮಾಡ್ತೀನಿ" ಎಂದರು ಸಾರ್.

ನಾಳೆ ಎಂದರೆ ವಿಜಯದಶಮಿ. ಜಂಬೂಸವಾರಿ ನೋಡಲು ಮನೆ ತುಂಬ ನೆಂಟರು. ಸಾರ್ ಮರೆತರು. ಮೂವತ್ತು ವರ್ಷ ಕೂದಲೆಳೆ ಅಳೆದ ಮನುಷ್ಯ ಒಂದು ನಿಪ್ಪಲ್ ಮರೆತರು. ನೆಂಟರೆಲ್ಲ ಹೋದ ಮೇಲೆ ಸಂಜೆ ಮೇಡಂ ಗೊಂಬೆ ನೋಡಲೆಂದು ಶ್ರೀರಾಂಪುರದ ಅಕ್ಕನ ಮನೆಗೆ ಒಬ್ಬರೇ ಹೊರಟರು. ಬಿಗಿ ಮಾಡದ ನಿಪ್ಪಲ್ಲಿನಿಂದ ಆಯಿಲ್ ಸೋರಿಹೋಗಿ, ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲ ಮುಟ್ಟಿತು. ಎಂಥ ಡ್ರೈವರು ನೋಡಿ ಆಕೆ! ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎದುರಿಗೆ ಬಂದ ಸೈಕಲ್ಲಿನವರನ್ನು ತಪ್ಪಿಸಿ, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳಿನ ರಾಶಿಗೆ ಕಾರು ಏರಿಸಿ ನಿಲ್ಲಿಸಿದ್ದರು. ಫೋನು ಬಂದು ಸಾರೂ ನಾನೂ ಆಟೋದಲ್ಲಿ ಹೋದಾಗ ರಾಶಿಯ ಮೇಲೆ ಕೂತು ಸೆರಗಿನ ಮರಳು ಕೊಡವುತ್ತಿದ್ದರು. "ಏನೂ ಆಗಿಲ್ಲ ಕಣ್ರೀ, ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀರಾ" ಎಂದು ನಕ್ಕರು. ಸಾರ್ ನಗಲಿಲ್ಲ. ರಸ್ತೆಯಲ್ಲಿ, ಅಷ್ಟು ಜನರ ಎದುರಿಗೆ, ಹೆಂಡತಿಯ ಎರಡೂ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು.

ಅವತ್ತಿನಿಂದ ಬ್ರೇಕಿನ ಕೆಲಸಕ್ಕೆ ಒಂದು ಕ್ರಮ ಬಂತು. ಮಾಡಿದವರು ಮೇಡಂ. ಮಹಡಿಯ ಮೆಟ್ಟಿಲಲ್ಲಿ ಕೂತು ಕಾಫಿ ಕುಡಿಯುವಾಗ ನನಗೆ ಕೇಳಿಸುತ್ತಿತ್ತು.

"ಒತ್ತು ರಮಾ."

"ಹಿಡಿದಿದ್ದೀನಿ."

ಸಾರ್ ಗಾಳಿ ಬಿಟ್ಟು, ತಿರುಗಿಸಿ, "ಬಿಗಿ" ಎನ್ನುವರು.

"ಬಿಗಿ?" ಎಂದು ಮೇಡಂ ಇನ್ನೊಂದು ಸಲ ಕೇಳುವರು.

ಸಾರ್ ಸ್ಪ್ಯಾನರನ್ನು ಮತ್ತೊಮ್ಮೆ ಕೂರಿಸಿ ನೋಡಿ "ಬಿಗಿ" ಎಂದ ಮೇಲೆಯೇ ಕಾಲು ತೆಗೆಯುವರು. ಒಂದು ಚಕ್ರಕ್ಕೆ ಹತ್ತು ಹದಿನೈದು ಸಲ ಇದೇ ಮಾತು. ನಮ್ಮೂರ ಕಡೆ ರಾಗಿ ಬೀಸುವವರು ಹಾಡುವುದಿಲ್ಲವೇ, ಕೇಳಲು ಹಾಗಿತ್ತು.

ಮೇಡಂ ತೀರಿಕೊಂಡು ಮೂರು ವರ್ಷವಾಯಿತು. ಕ್ಯಾನ್ಸರ್, ಗೊತ್ತಾದ ಮೇಲೆ ನಾಲ್ಕೇ ತಿಂಗಳು. ಕೊನೆಯ ಸಲ ಬೆಟ್ಟಕ್ಕೆ ಹೋಗಿ ಬಂದು ಪೋರ್ಟಿಕೋದಲ್ಲಿ ಕಾರು ನಿಲ್ಲಿಸಿ ಬೀಗದ ಕೈ ಸಾರ್ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದವರು ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ.

ಆಮೇಲೆ ಸಾರ್ ಏನು ಮಾಡಿದರು ಎಂದರೆ, ಕಾರನ್ನು ಇನ್ನೂ ಚೆನ್ನಾಗಿ ಮಾಡುತ್ತಾ ಹೋದರು. ಹೊಸ ಶಾಕ್ ಅಬ್ಸಾರ್ಬರ್ ಹಾಕಿದರು. ಎಂಜಿನ್ನಿನ ಉಸಿರಾಟ ಸಲೀಸಾಗಲಿ ಎಂದು ಏರ್ ಫಿಲ್ಟರಿನ ಪೈಪು ಬದಲಿಸಿದರು. ಟೈಮಿಂಗ್ ಬೆಲ್ಟು ಹೊಸದು, ರೇಡಿಯೇಟರ್ ಪೈಪು ಹೊಸದು. ಓಡದೇ ಇರುವ ಕಾರಿಗೆ ವೇಗ ಹೆಚ್ಚಿಸುತ್ತಿದ್ದರು. ದಿನಾ ಬೆಳಿಗ್ಗೆ ಕಿಟಕಿಯಿಂದ ಕೈ ತೂರಿಸಿ ಕೀ ತಿರುಗಿಸಿ ಹತ್ತು ನಿಮಿಷ ಎಂಜಿನ್ ಓಡಿಸುವರು. ನಿಂತಲ್ಲೇ ನಿಂತರೆ ಟೈರು ಚಪ್ಪಟೆಯಾಗುತ್ತದೆಂದು ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನಿಂದ ತಳ್ಳಿ ಆರು ಅಡಿ ಮುಂದಕ್ಕೆ, ಮುಂದಿನಿಂದ ತಳ್ಳಿ ಆರು ಅಡಿ ಹಿಂದಕ್ಕೆ. ಸೀಟಿನಲ್ಲಿ ಮಾತ್ರ ಕೂರುತ್ತಿರಲಿಲ್ಲ. ಅದು ಮೇಡಂ ಇಟ್ಟಲ್ಲೇ ಇತ್ತು, ಸ್ಟೇರಿಂಗಿಗೆ ಹೊಟ್ಟೆ ತಾಗುವಷ್ಟು ಮುಂದೆ.

ಮೊದಲ ವರ್ಷವೇ ಒಂದು ಭಾನುವಾರ ಬೆಳಿಗ್ಗೆ ಮೆಟ್ಟಿಲಲ್ಲಿ ಕೂತಿದ್ದಾಗ ಕೆಳಗಿನಿಂದ ಕೇಳಿಸಿತು.

"ಒತ್ತು ರಮಾ."

ಆಮೇಲೆ ಅದೇ ದನಿಯಲ್ಲಿ, "ಹಿಡಿದಿದ್ದೀನಿ."

ಬಗ್ಗಿ ನೋಡಿದೆ. ನೆಲ ಒರೆಸುವ ಮಾಪಿನ ಕೋಲನ್ನು ಅಳತೆಗೆ ಕತ್ತರಿಸಿಕೊಂಡಿದ್ದಾರೆ. ಬಾಗಿಲ ಬಳಿ ಮಂಡಿಯೂರಿ ಕೈಯಿಂದ ಪೆಡಲ್ ಅದುಮಿ, ಕೋಲನ್ನು ಸೀಟಿಗೂ ಪೆಡಲಿಗೂ ನಡುವೆ ಆನಿಸಿ, ಎದ್ದು ಹಿಂದಿನ ಚಕ್ರಕ್ಕೆ ಹೋಗಿ ಮಲಗುತ್ತಾರೆ. "ಬಿಗಿ." ಮತ್ತೆ ತಾವೇ, "ಬಿಗಿ?" ಮತ್ತೆ ತಾವೇ, "ಬಿಗಿ." ಅರವತ್ತೈದು ದಾಟಿದ ಮನುಷ್ಯ ಮಲಗಿ ಎದ್ದು ಮಲಗಿ ಎದ್ದು, ಒಂದು ಚಕ್ರಕ್ಕೆ ಒಂದು ಬೆಳಗು. ಆಗಲೇ ಇಳಿದು ಹೋಗಿ ಕಾಲು ಕೊಡಬೇಕಿತ್ತು. ಹೋಗಲಿಲ್ಲ. ನನ್ನದು ಹಾಳು ಬಾಯಿ. ಮಾರನೆಯ ದಿನ ಹಾಲಿನ ಪ್ಯಾಕೆಟ್ ತರಲು ಇಳಿದವನು ಅವರು ಕಾರು ತಳ್ಳುವುದನ್ನು ನೋಡಿ ರೇಗಿಬಿಟ್ಟೆ. "ಯಾರಿಗೋಸ್ಕರ ಸಾರ್ ಇದು? ಮಾರ್ಬುಡಿ ಅತ್ಲಾಗೆ. ಗಾಡಿ ಅಂದ್ರೆ ಓಡ್ಬೇಕು." ಅವರು ತಳ್ಳುವುದನ್ನು ಮುಗಿಸಿ, ಕೈ ಒರೆಸಿಕೊಂಡು ಒಳಗೆ ಹೋದರು. ಅಲ್ಲಿಂದ ನಮ್ಮಿಬ್ಬರ ಮಾತು ತಿಂಗಳಿಗೊಮ್ಮೆ ಬಾಡಿಗೆ ಕೊಡುವಾಗಿನ "ಚೆನ್ನಾಗಿದ್ದೀರಾ" ಅಷ್ಟಕ್ಕೇ ನಿಂತಿತು. ಒಂದೇ ಗೇಟು, ಒಂದೇ ನಲ್ಲಿ, ಇಬ್ಬರು ಒಂಟಿ ಗಂಡಸರು, ನಡುವೆ ಹದಿನೆಂಟು ಮೆಟ್ಟಿಲು. ಮೇಲೆ ನಾನು ಟೀವಿಗೆ ಬೈಯುತ್ತಿದ್ದೆ, ಕೆಳಗೆ ಅವರು ಕಾರಿನ ಹತ್ತಿರ ಮಾತಾಡುತ್ತಿದ್ದರು.

ಈ ಸಲ ದಸರಾ ಕಳೆದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಕಾರಿಗೆ ಇಪ್ಪತ್ತೈದು ತುಂಬಿತ್ತು. ಹಳೆಯ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಓದಲ್ಲಿ ತೋರಿಸಿ ಎಫ್‌ಸಿ, ಅಂದರೆ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು, ಮಾಡಿಸಬೇಕು. ಮಾಡಿಸದಿದ್ದರೆ ನಂಬರು ರದ್ದು, ಆಮೇಲೆ ಗುಜರಿಯೇ ಗತಿ. ಆರ್‌ಟಿಓ ನಮ್ಮ ಮನೆಗೆ ಒಂದು ಮೈಲಿಯೂ ಇಲ್ಲ. ಆ ಒಂದು ಮೈಲಿ ಕಾರನ್ನು ಯಾರಾದರೂ ಓಡಿಸಬೇಕಲ್ಲ! ಕ್ಯಾಲೆಂಡರಿನಲ್ಲಿ ಸಾರ್ ಕೆಂಪು ಗುರುತು ಹಾಕಿದ್ದ ತಾರೀಕಿಗೆ ಹತ್ತು ದಿನ ಉಳಿದಿದ್ದಾಗ ಡ್ರೈವಿಂಗ್ ಸ್ಕೂಲಿನವನೊಬ್ಬನನ್ನು ಕರೆಸಿದರು. ಅವನು ಬಂದ, ಬಾಗಿಲು ತೆಗೆದ, "ಏನ್ ಸಾರ್ ಇದು, ಮಕ್ಕಳ ಸೀಟಾ?" ಎಂದು ಸೀಟು ಹಿಂದಕ್ಕೆ ಸರಿಸುವ ಕೆಳಗಿನ ಸರಳಿಗೆ ಕೈ ಹಾಕಿದ.

"ಮುಟ್ಬೇಡಿ!"

ವಾಗೀಶ್ ಸಾರ್ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇಳೀರಿ. ಇಳೀರಿ ಕೆಳಗೆ." ಆ ಮನುಷ್ಯ ಗೊಣಗಿಕೊಂಡು ಹೊರಟುಹೋದ. ಸಾರ್ ಬಾಗಿಲು ಮುಚ್ಚಿ, ಅವನ ಕೈ ತಗುಲಿದ ಜಾಗವನ್ನು ಬಟ್ಟೆಯಿಂದ ಒರೆಸಿ, ಅಲ್ಲೇ ಮೆಟ್ಟಿಲ ಕೆಳಗೆ ಕೂತರು. ಮಧ್ಯಾಹ್ನದವರೆಗೂ ಕೂತಿದ್ದರು. ಊಟಕ್ಕೂ ಏಳಲಿಲ್ಲ. ಈ ಕಾರನ್ನು ಗುಜರಿಯವರು ಎಳೆದುಕೊಂಡು ಹೋದರೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ನನಗೆ ಭಯವಾಯಿತು. ಇಳಿದು ಹೋದೆ.

"ಸಾರ್, ಗಾಡಿ ನಾನ್ ತಗೊಂಡೋಯ್ತೀನಿ. ಬ್ರೇಕ್ ಎಂಗೈತೆ?"

ಸಾರ್ ತಲೆಯೆತ್ತಿದರು. "ಮೆತ್ತಗಿದೆ" ಎಂದರು. "ಕೋಲು ಸರಿಯಾಗಿ ಹಿಡಿಯಲ್ಲ ಕಣ್ರೀ. ಎಷ್ಟು ಸಲ ಮಾಡಿದ್ರೂ ಒಂಚೂರು ಗಾಳಿ ಉಳಿದುಬಿಡುತ್ತೆ."

"ಕೋಲು ಬುಡಿ. ನಾನ್ ಒತ್ತೀನಿ."

"ಸೀಟು ಮಾತ್ರ..."

"ಮುಟ್ಟಲ್ಲ ಸಾರ್."

ಆರಡಿಯ ಆಳು ನಾನು. ಆ ಸೀಟಿನೊಳಗೆ ನನ್ನನ್ನು ನಾನು ಹೇಗೆ ತುರುಕಿಕೊಂಡೆನೋ ಆ ದೇವರಿಗೇ ಗೊತ್ತು. ಮಂಡಿ ಕಿವಿಯ ಹತ್ತಿರ, ಬೆನ್ನು ಬಿಲ್ಲು. ಸಾರ್ ಚಾಪೆ ಹಾಸಿಕೊಂಡು ಎಡ ಹಿಂಬದಿಯ ಚಕ್ರದ ಹಿಂದೆ ಮಲಗಿದರು. ಆ ಮರಳಿನ ರಾಶಿಯ ದಿನದಿಂದ ಈಚೆಗೆ ಸದಾ ಅಲ್ಲಿಂದಲೇ ಶುರು.

"ಒತ್ತಿ ಸಿದ್ದೇಶ್ ಅವ್ರೆ."

"ಊಂ ಸಾರ್."

ಏನೂ ಆಗಲಿಲ್ಲ.

"ಒತ್ತಿದ್ರಾ?"

"ಆಗ್ಲೇ ಊಂ ಅಂದ್ನಲ್ಲ ಸಾರ್!"

ಸ್ಪ್ಯಾನರ್ ತಿರುಗಲಿಲ್ಲ. ಅವರ ಕೈ ಏಳುತ್ತಿಲ್ಲ ಎಂದು ನನಗೆ ಅರ್ಥವಾಯಿತು. ಎಷ್ಟೋ ವರ್ಷ ಒಂದೇ ಮಾತು ಕೇಳಿ ತಿರುಗಿಸಿದ ಕೈ ಅದು, ಬೇರೆ ಮಾತಿಗೆ ತಿರುಗುತ್ತಿಲ್ಲ. ಹೇಳಲೋ ಬೇಡವೋ ಎಂದು ಹಿಂದುಮುಂದು ನೋಡಿದೆ. ಕಡೆಗೆ ಹೇಳಿಯೇಬಿಟ್ಟೆ.

"ಹಿಡಿದಿದ್ದೀನಿ."

ಕಾರಿನ ಹಿಂದೆ ಉಸಿರೆಳೆದ ಸದ್ದಾಯಿತು. ಆಮೇಲೆ ಸ್ಪ್ಯಾನರ್ ತಿರುಗಿತು, ಪೆಡಲ್ ನನ್ನ ಕಾಲ ಕೆಳಗೆ ಮೆಲ್ಲಗೆ ಇಳಿಯಿತು, ನಿಂತಿತು.

"ಬಿಗಿ."

"ಬಿಗಿ?" ಎಂದೆ.

ಮಂಡಿಯಲ್ಲಿ ನರ ಹಿಡಿದುಕೊಂಡಿತು. ಬಿಡಲೇ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಕಾಲು ಬಿದ್ದುಹೋದರೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ. ಎಷ್ಟು ಹೊತ್ತೋ ಆದ ಮೇಲೆ, ಸ್ಪ್ಯಾನರನ್ನು ಮತ್ತೊಮ್ಮೆ ಕೂರಿಸಿ ನೋಡಿ "ಬಿಗಿ" ಎಂದರು.

ನಾಲ್ಕು ಚಕ್ರ ಮುಗಿಯುವ ಹೊತ್ತಿಗೆ ಪೆಡಲ್ ಕಲ್ಲಿನ ಹಾಗಾಗಿತ್ತು. ಮೂವತ್ತೆರಡು ವರ್ಷದಲ್ಲಿ ಅಂಥ ಬ್ರೇಕನ್ನು ನಾನು ಕಂಡಿರಲಿಲ್ಲ. ಗೇಟಿನಾಚೆ ಒಂದು ಸುತ್ತು ನೋಡೋಣವೆಂದು ಎಂಜಿನ್ ಶುರುಮಾಡಿದೆ. ಆಕ್ಸಿಲರೇಟರಿನಿಂದ ಬ್ರೇಕಿಗೆ ಕಾಲು ತೆಗೆಯಲು ಹೋದರೆ ಮಂಡಿ ಸ್ಟೇರಿಂಗಿನ ಕೆಳಗೆ ಸಿಕ್ಕಿಹಾಕಿಕೊಂಡಿತು. ಇನ್ನೊಂದು ಸಲ ನೋಡಿದೆ, ಅದೇ ಕಥೆ. ಎಂಜಿನ್ ನಿಲ್ಲಿಸಿದೆ.

"ಸಾರ್, ಈ ಗಾಡಿ ಬ್ರೇಕ್ ಸರಿಯಿಲ್ಲ."

"ಏನು? ಈಗ ತಾನೇ ನಾಲ್ಕೂ..."

"ನೀವ್ ಮಾಡಿದ್ದು ಸರಿಯಾಗೈತೆ. ನನ್ ಕಾಲು ಅಲ್ಲಿಗೆ ಹೋಗಲ್ಲ. ಕಾಲು ಹೋಗ್ದಿದ್ ಮೇಲೆ ಬ್ರೇಕ್ ಇದ್ರೆಷ್ಟು ಬುಟ್ರೆಷ್ಟು? ಎದುರ್‌ಗಡೆ ಒಂದು ಮಗು ಬಂತು ಅಂದ್ಕೊಳಿ. ಸುಳ್ ಹೇಳ್ಲಾ ನಾನು?"

ಅವರು ಕಾರಿನ ಬಾಗಿಲು ಹಿಡಿದು ನಿಂತರು. ಮರಳಿನ ರಾಶಿ ಅವರ ಕಣ್ಣ ಮುಂದೆ ಬಂದಿರಬೇಕು, ನನಗಂತೂ ಬಂತು. ನನ್ನ ಹಾಳು ಬಾಯಿಗೆ ಆ ದಿನ ಯಾವ ಪುಣ್ಯವೋ, ಮೆತ್ತಗಿನ ಮಾತೊಂದು ಸಿಕ್ಕಿತು.

"ಸಾರ್, ನಾನ್ ಮೊದಲ್ನೇ ದಿನ ಮನೆ ಕೇಳ್ಕೊಂಡು ಬಂದಾಗ ಇದೇ ಸೀಟಲ್ಲಿ ಕೂತಿದ್ದೆ. ಮೇಡಂ ಏನಂದ್ರು ಗೊತ್ತಾ? ಒಂಟೆ ಥರ ಇದ್ದೀರಲ್ರೀ, ಸೀಟು ಹಿಂದಕ್ಕೆ ತಳ್ಕೊಳ್ಳಿ ಅಂದ್ರು."

ವಾಗೀಶ್ ಸಾರ್ ತುಟಿ ಅದುರಿತು. ನಗುವೋ ಅಳುವೋ ಹೇಳಲಾರೆ. "ಅವಳು ಹಾಗೇ" ಎಂದರು. ಬಗ್ಗಿದರು, ಸೀಟಿನ ಕೆಳಗೆ ಕೈ ಹಾಕಿ ತಾವೇ ಸರಳು ಎತ್ತಿದರು. ಮೂರು ವರ್ಷ ಅಲ್ಲಾಡದ ಸೀಟು ತುಕ್ಕು ಹಿಡಿದಿರುತ್ತದೆ, ಜಗ್ಗಬೇಕಾಗುತ್ತದೆ ಎಂದುಕೊಂಡು ನಾನು ಬಿಗಿಯಾಗಿ ಕೂತಿದ್ದೆ. ಸದ್ದೇ ಇಲ್ಲದೆ ಜಾರಿ ಕೊನೆಯವರೆಗೂ ಹೋಯಿತು. ಕದಲಿಸಬಾರದೆಂದು ಇಟ್ಟ ಸೀಟಿಗೂ ಈ ಮನುಷ್ಯ ತಪ್ಪದೆ ಗ್ರೀಸ್ ಹಾಕುತ್ತಿದ್ದರು.

ಎಫ್‌ಸಿ ದಿನ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿ, ನೋಟ್‌ಬುಕ್ಕು ಹಿಡಿದು, ಮೊದಲಿನ ಹಾಗೆ ಎಡಗಡೆ ಕೂತರು. ಕಾರಿನ ಸುದ್ದಿ ಏನು ಹೇಳಲಿ! ಬಸ್ಸಿನ ಸ್ಟೇರಿಂಗ್ ತಿರುಗಿಸಿ ತೋಳು ಬೀಳಿಸಿಕೊಂಡವನಿಗೆ ಅದು ಕೈಯಲ್ಲಿ ಹಿಡಿದ ಬುಗುರಿಯ ಹಾಗಿತ್ತು. ಬ್ರೇಕ್ ಇನ್ಸ್‌ಪೆಕ್ಟರ್ ಒಬ್ಬ ಹುಡುಗಿ, ಮೂವತ್ತೂ ಇರಲಾರದು. ಬಾನೆಟ್ ತೆಗೆಸಿ ನೋಡಿ ಹುಬ್ಬೇರಿಸಿದಳು. ಮೈದಾನದಲ್ಲಿ ನಲವತ್ತಕ್ಕೆ ತಂದು ಬ್ರೇಕ್ ಹಾಕಿ ಎಂದಳು. ಹಾಕಿದೆ. ಒಂದಿಷ್ಟೂ ಆ ಕಡೆ ಈ ಕಡೆ ಎಳೆಯದೆ ನಿಂತಿತು.

"ಅಂಕಲ್, ಇಷ್ಟು ಹಳೇ ಗಾಡಿ ಇಷ್ಟು ಚೆನ್ನಾಗಿರೋದು ನಾನು ನೋಡೇ ಇಲ್ಲ. ದಿನಕ್ಕೆ ಎಷ್ಟು ಓಡಿಸ್ತೀರಾ?"

"ಆರು ಅಡಿ ಅಮ್ಮಾ" ಎಂದರು ಸಾರ್.

ಆ ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. "ಪಾಸಾಯ್ತು ಅಂಕಲ್. ಇನ್ನು ಐದು ವರ್ಷ ಯೋಚನೆ ಇಲ್ಲ."

"ಐದು ವರ್ಷಾನಾ" ಎಂದರು. ಸಂತೋಷದಿಂದ ಹೇಳಿದ ಹಾಗಿರಲಿಲ್ಲ. ಐದು ವರ್ಷ ಹೇಗೆ ಕಳೆಯುವುದು ಎಂದು ಕೇಳಿದ ಹಾಗಿತ್ತು.

ವಾಪಸ್ಸು ಬಂದು ಪೋರ್ಟಿಕೋದಲ್ಲಿ ನಿಲ್ಲಿಸಿದೆ. ಇಳಿಯುವ ಮೊದಲು ಸರಳು ಎತ್ತಿ ಸೀಟನ್ನು ಮುಂದಕ್ಕೆ, ಮೇಡಂ ಇಟ್ಟಿದ್ದ ಜಾಗಕ್ಕೇ ತಳ್ಳಿದೆ. ಕೀ ಕೊಟ್ಟೆ. "ಬರ್ತೀನಿ ಸಾರ್" ಎಂದು ಮೆಟ್ಟಿಲು ಹತ್ತತೊಡಗಿದೆ. ಐದಾರು ಮೆಟ್ಟಿಲು ಹತ್ತಿರಬಹುದು, ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಸಾರ್ ಬಗ್ಗಿ ಸೀಟನ್ನು ಮತ್ತೆ ಹಿಂದಕ್ಕೆ, ನನ್ನ ಅಳತೆಗೆ, ತಳ್ಳುತ್ತಿದ್ದರು.

"ಸಿದ್ದೇಶ್ ಅವ್ರೆ" ಎಂದರು, ನನ್ನ ಕಡೆ ನೋಡದೆ. "ಆ ಎಡ ಹಿಂಬದಿಯ ಬ್ರೇಕು... ಸ್ವಲ್ಪ ಮೆತ್ತಗಿದೆ ಅನ್ನಿಸಲಿಲ್ವಾ ನಿಮಗೆ? ಭಾನುವಾರ ಬೆಳಿಗ್ಗೆ ಇನ್ನೊಂದ್ಸಲ ನೋಡಿದ್ರೆ..."

ಕೂದಲೆಳೆ ಅಳೆಯುವ ಬೆರಳು ಅದು. ಆ ಬ್ರೇಕು ಹೇಗಿದೆಯೆಂದು ಅವರಿಗೆ ಗೊತ್ತಿತ್ತು. ಈಗ ತಾನೇ ಅದನ್ನು ಒತ್ತಿ ಬಂದ ನನಗೂ ಗೊತ್ತಿತ್ತು. ಮೆಟ್ಟಿಲು ಇಳಿದು ಬಂದೆ.

"ಹೂಂ ಸಾರ್, ಮೆತ್ತಗೈತೆ. ನಾನೂ ಹೇಳ್ಬೇಕು ಅಂತಿದ್ದೆ."

"ಬರೆದುಬಿಡ್ತೀರಾ?" ಎಂದು ನೋಟ್‌ಬುಕ್ಕೂ ಪೆನ್ನೂ ಚಾಚಿದರು.

ಬಾನೆಟ್ಟಿನ ಮೇಲೆ ಇಟ್ಟುಕೊಂಡು ಬರೆದೆ: ಎಡ ಹಿಂಬದಿಯ ಬ್ರೇಕ್ ಮೆತ್ತಗಿದೆ. ಪ್ರತಿ ಭಾನುವಾರ ನೋಡುವುದು. ಕೆಳಗೆ ಸಹಿ ಹಾಕಿದೆ.